ಸೊಂಟದ ಮೇಲಿನ ಉಂಗುರ

ಒದ್ದೆ ಮಡಿ ಉಟ್ಟೇ ಶಿವಪೂಜೆ ಮಾಡುವುದು ಆದಿವಾಲದ ಕಲ್ಲೇಶನ ವ್ರತ. ಉಟ್ಟದ್ದು ಮೈಮೇಲೇ ಒಣಗಬೇಕು. ಪಂಚೆಯೇನೋ ಒಣಗುತ್ತಿತ್ತು, ಆದರೆ ಸೊಂಟದಲ್ಲಿ ಬಳೆಯಗಲದ ಕೆಂಪು ಉಂಗುರವೊಂದು ಮೂಡಿ ದಿನೇ ದಿನೇ ಹಿಗ್ಗತೊಡಗಿತು.

ಆ ಸೋಮವಾರ ಸಂಜೆ ಬಸವಣ್ಣನ ಪಲ್ಲಕ್ಕಿಗೆ ಮೊದಲ ಹೆಗಲು ಯಾರದೆಂದು ಊರ ಹಿರಿಯ ಪಂಚಾಕ್ಷರಪ್ಪ ಹೇಳುವವರಿದ್ದರು. ಆ ಒಂದು ಮಾತಿಗೆ ಕಲ್ಲೇಶ ವರ್ಷಗಳಿಂದ ಕಾದಿದ್ದ. ಬೆಳಿಗ್ಗೆ ಹಿತ್ತಲಲ್ಲಿ ಮೈ ಒರೆಸಿಕೊಳ್ಳುವಾಗ ಪಕ್ಕದ ಮನೆಯ ಉಚ್ಚಂಗಮ್ಮನ ಕಣ್ಣಿಗೆ ಉಂಗುರ ಬಿತ್ತು.

"ಇದು ಸರ್ಪಸುತ್ತು ಕಣಪ್ಪ. ತಲೆ ಬಾಲ ಕೂಡಿಬಿಟ್ರೆ ನಮ್ ಕೈಲಿ ಇರಲ್ಲ."

ತಲೆ ಯಾವುದು, ಬಾಲ ಯಾವುದು ಎಂದು ನೋಡಲು ಓಣಿಯೇ ನೆರೆಯಿತು. ಎದುರುಮನೆಯ ದುರುಗಣ್ಣ ಕುಕ್ಕರಗಾಲಲ್ಲಿ ಕುಳಿತು, ಸಂತೆಯಲ್ಲಿ ಕುರಿಯ ಹಲ್ಲು ನೋಡುವವನಂತೆ ಪರೀಕ್ಷಿಸಿ, ಆಗಲೇ ಕೂಡಿಬಿಟ್ಟೈತೆ ಎಂದ. ಉಚ್ಚಂಗಮ್ಮ ಕೆಮ್ಮಣ್ಣು ಕಲಸಿ ತಂದು ಉಂಗುರದ ಮೇಲೊಂದು ಹೆಡೆ ಬರೆದಳು. ಮಣ್ಣು ಒಣಗಿದಂತೆ ತುರಿಕೆ ಏರಿತು. ಕಲ್ಲೇಶ ಕಂಬಕ್ಕೆ ಸೊಂಟ ಉಜ್ಜುತ್ತ ಎಮ್ಮೆಯಂತೆ ಕಣ್ಣು ಮುಚ್ಚಿದ.

ಅಷ್ಟರಲ್ಲಿ ಸುದ್ದಿ ಪಂಚಾಕ್ಷರಪ್ಪನವರಿಗೆ ಮುಟ್ಟಿ, ಬಾ ಎಂದು ಕರೆ ಬಂತು. ನಾಗದೇವರ ಮುನಿಸು ಹೊತ್ತವನಿಗೆ ಪಲ್ಲಕ್ಕಿ ಎಲ್ಲಿಯದು ಎಂದುಕೊಂಡ ಕಲ್ಲೇಶ. ಅಲ್ಲಿಗೆ ಹೋಗದೆ ಅವನು ಹಿರಿಯೂರಿನ ಬಸ್ಸು ಹತ್ತಿದ.

ಡಾಕ್ಟರ್ ಅನುಪಮಾ ಮೊದಲು ಹಾವನ್ನು ತೊಳೆಸಿದರು. ಸರ್ಪಸುತ್ತಾದರೆ ಸಾಲಾಗಿ ನೀರುಗುಳ್ಳೆ ಎದ್ದು ಉರಿಯುತ್ತದೆ, ಇದು ಅಂಚಿನಲ್ಲಿ ಉಬ್ಬಿ, ಹೊಟ್ಟು ಎದ್ದು, ನಡುವೆ ತಿಳಿಯಾಗಿದೆ, ಆದ್ದರಿಂದ ಹುಳುಕಡ್ಡಿ ಎಂದು ತೋರಿಸಿದರು.

"ಹಸಿ ಗೋಡೆಗೆ ಬೂಷ್ಟು ಹಿಡಿಯಲ್ವಾ, ಹಂಗೆ. ಒಣಗಿದ ಬಟ್ಟೆ ಉಟ್ರೂ ಶಿವ ಒಪ್ತಾನೆ, ಯಜಮಾನ್ರೆ."

"ಹಂಗಾರೆ ಇದಕ್ಕೂ ಜೀವ ಐತೇನ್ರಿ?"

ಐತೆ ಎಂದರು. ಇಷ್ಟು ದೊಡ್ಡ ಸೃಷ್ಟಿಯಲ್ಲಿ ಆ ಜೀವಕ್ಕೆ ನನ್ನ ಸೊಂಟವೇ ಬೇಕಾಯಿತೇ ಎಂದು ಕಲ್ಲೇಶ ಬೆರಗಾದ. ಬಟ್ಟೆ, ಟವಲ್ಲು ಬೇರೆ ಇಡಬೇಕು, ಇದು ಒಬ್ಬರಿಂದೊಬ್ಬರಿಗೆ ಅಂಟುತ್ತದೆ. ಮುಲಾಮು ಎರಡು ಹೊತ್ತು, ಅಂಚಿನಾಚೆಗೂ ಹಚ್ಚಬೇಕು. ಕಲೆ ಮಾಯವಾದ ಮೇಲೂ ಕೆಲವು ದಿನ ಬಿಡಬಾರದು. ಅಂಗಡಿಯವನು ಕೊಡುವ ಯಾವುದೋ ಟ್ಯೂಬು ಬೇಡ ಎಂದರು.

ಸಂಜೆ ಕಲ್ಲೇಶ ಗುಡಿಗೆ ಓಡಿಬಂದು, ಸರ್ಪಸುತ್ತು ಅಲ್ಲವೇ ಅಲ್ಲ, ಅಂಟುವ ಹುಳುಕಡ್ಡಿ ಅಷ್ಟೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಪಂಚಾಕ್ಷರಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ನಾಗಪ್ಪನ ಮುನಿಸು ಇಳೀಲಿ ಅಂತ ಮೊದಲ ಹೆಗಲು ನಿಂಗೇ ಅಂತ ಹೇಳಾಕೆ ಬೆಳಿಗ್ಗೆ ಕರೆಸಿದ್ನಲ್ಲಪ್ಪ. ಈಗ ಅಂಟುತ್ತೆ ಅಂತ ನೀನೇ ಹೇಳ್ದೆ. ಮೈಗೆ ಮೈ ತಾಗೋ ಕೆಲಸ. ವಾಸಿ ಮಾಡ್ಕಂಡು ಬರೋ ವರ್ಷ ಬಾ."

ಪಲ್ಲಕ್ಕಿ ದುರುಗಣ್ಣನ ಹೆಗಲೇರಿ ಮುಂದೆ ಹೊರಟಿತು.