ಸಿನಿಮಾ ಕಳ್ಳನ ಲೈನು ಕತ್ತರಿಸಿದ್ದು

"ಇನ್ನು ಈ ಊರಲ್ಲಿ ಒಬ್ಬನೇ ಒಬ್ಬ ಸಿನಿಮಾ ಕಳ್ಳ ಉಳಿದರೆ ನನ್ನ ಹೆಸರು ಡೆಲ್ಬರ್ಟ್ ಅಲ್ಲ!" ಎಂದು ಆಫೀಸಿನಲ್ಲಿ ಘರ್ಜಿಸಿದೆ.

ಘರ್ಜಿಸದೆ ಇನ್ನೇನು? ಕೆಂಟಕಿಯ ನಮ್ಮ ಪುಟ್ಟ ಊರಿಗೆ ಇಂಟರ್ನೆಟ್ ಕೊಡುವ ಪುಟ್ಟ ಕಂಪನಿ ನಮ್ಮದು. ಯಾರೋ ಸಿನಿಮಾ ಕದ್ದು ಇಳಿಸಿಕೊಂಡರೆ, ಸಿನಿಮಾದವರು ಕಳ್ಳನನ್ನು ಬಿಟ್ಟು ನಮ್ಮ ಮೇಲೆ ಕೇಸು ಹಾಕುತ್ತಾರಂತೆ! ಕಳ್ಳ ಓಡಿದ್ದಕ್ಕೆ ರಸ್ತೆ ಹಾಕಿದವನಿಗೆ ಬೇಡಿ! ಹೆದರಿದ ನಮ್ಮ ಮಾಲೀಕರು, ದೂರು ಬಂದ ಲೈನು ಕತ್ತರಿಸುವ ಅಧಿಕಾರವನ್ನು ನನ್ನ ಕೈಗಿಟ್ಟರು. ಪಟ್ಟಿಯ ಮೊದಲ ಗ್ರಾಹಕನ ಮೇಲೆ ಹನ್ನೊಂದು ದೂರು! ಹೆಸರನ್ನೂ ನೋಡದೆ ಕಚಕ್ಕನೆ ಕತ್ತರಿಸಿದೆ.

ಮರುದಿನ ಭಾನುವಾರ. ಚರ್ಚಿಗೆ ಕಾಲಿಟ್ಟರೆ, ಅಲ್ಲಿ ಹಾಡುವ ನನ್ನ ಹೆಂಡತಿ ಲೊರೇನ್ ನುಂಗುವ ಹಾಗೆ ನೋಡಿದಳು.

"ಚರ್ಚಿನ ಇಂಟರ್ನೆಟ್ ಸತ್ತಿದೆ! ಹಾಸಿಗೆ ಹಿಡಿದ ಮುದುಕರೆಲ್ಲ ಮನೇಲಿ ಪ್ರಾರ್ಥನೆ ನೋಡೋಕೆ ಕಾಯ್ತಿದಾರೆ. ಏನ್ಮಾಡಿದೆ ನೀನು?"

ಫೋನಿನಲ್ಲಿ ದೂರಿನ ಪಟ್ಟಿ ತೆರೆದೆ. ಅಯ್ಯೋ, ಅದು ಚರ್ಚಿನದೇ ಲೈನು! ಆದರೂ ಬಿಟ್ಟುಕೊಡಲಿಲ್ಲ.

"ನಿಮ್ಮಲ್ಲೇ ಕಳ್ಳ ಇದಾನೆ ಕಣೇ! ಪ್ರತಿ ಬುಧವಾರ ಸಂಜೆ ಏಳಕ್ಕೆ ಕೌಬಾಯ್ ಸಿನಿಮಾ ಕದೀತಾನೆ!"

"ಬುಧವಾರ ಏಳಕ್ಕೆ ಇಲ್ಲಿರೋದು ಹಾಡು ಕಲಿಯೋ ನಾವು ಹನ್ನೆರಡು ಹೆಂಗಸರು. ಜೊತೆಗೆ, ನನ್ನನ್ನ ಕರ್ಕೊಂಡು ಹೋಗೋಕೆ ಬಂದು ಹಿಂದಿನ ಬೆಂಚಲ್ಲಿ ಚರ್ಚಿನ ವೈಫೈಗೆ ಫೋನ್ ಸಿಕ್ಕಿಸ್ಕೊಂಡು ಕೂರೋ ನೀನು!"

ಫೋನನ್ನು ಮೆಲ್ಲಗೆ ಜೇಬಿಗೆ ತುರುಕಿದೆ. "ಆ ಸಿನಿಮಾ ಆಪ್‌ನಲ್ಲಿ ಪುಕ್ಕಟೆ ಅಂತ ಬರೆದಿತ್ತು..."

"ಕದ್ದ ಮಾಲು ಪುಕ್ಕಟೆ ಆಗದೆ ಇನ್ನೇನಾಗುತ್ತೆ, ಮಾರಾಯ!"

ಎಲ್ಲ ಕೇಳಿಸಿಕೊಂಡ ಪಾಸ್ಟರ್ ಹಾಲಿಸ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು!

"ಲೈನು ಯಾವಾಗ ಬರುತ್ತೆ, ಬ್ರದರ್?"

"ಮಾಲೀಕರು ಸಹಿ ಹಾಕ್ಬೇಕು. ನಾಳೆ..."

"ಹಾಗಾದ್ರೆ ಇವತ್ತು ನೀವೇ ಲೈನು. ಮನೆಮನೆಗೆ ಹೋಗಿ, ಪ್ರವಚನ ಓದಿ, ಹಾಡಿ ಬನ್ನಿ."

ಮೊದಲ ಮನೆ ತೊಂಬತ್ತಮೂರರ ಯೂಡೋರಾ ಅಜ್ಜಿಯದು. ನಡುಮುರಿದು ಮೂರು ತಿಂಗಳಿಂದ ಹಾಸಿಗೆಯಲ್ಲೇ ಇದ್ದಾಳೆ. ಆದರೂ ಭಾನುವಾರವೆಂದು ಟೋಪಿ, ಮುತ್ತಿನ ಸರ ಹಾಕಿಕೊಂಡು, ಕಪ್ಪಾದ ಪರದೆಯ ಮುಂದೆ ಕೈಮುಗಿದು ಕಾದಿದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರೋ ಸಿನಿಮಾ ಕಳ್ಳನ ದೆಸೆಯಿಂದ ಲೈನು ಹೋಯಿತೆಂದಷ್ಟೇ ಹೇಳಿ, ಪ್ರವಚನ ಓದಿದೆ. ಕಣ್ಮುಚ್ಚಿ, ಎದೆಯುಬ್ಬಿಸಿ ನಾಲ್ಕು ಚರಣ ಹಾಡಿದೆ.

ಕಣ್ಣು ಬಿಟ್ಟರೆ ಅಜ್ಜಿ ಕಿವಿಯ ಯಂತ್ರ ತೆಗೆದು ದಿಂಬಿನ ಪಕ್ಕ ಇಟ್ಟಿದ್ದಳು!

"ಮಗಾ," ಎಂದು ನನ್ನ ಕೈ ಹಿಡಿದಳು, "ಆ ಕಳ್ಳ ಎಷ್ಟು ಬೇಕಾದ್ರೂ ಸಿನಿಮಾ ನೋಡ್ಕೊಳ್ಲಿ, ಪಾಪ. ನೀನು ಮಾತ್ರ ಇನ್ನೊಂದು ಸಲ ಹಾಡ್ಬೇಡಪ್ಪಾ!"