ಸುಲ್ತಾನೆ ಇಲ್ಹಾಮಳ ಅಲೆಪ್ಪೊ

ಅರವತ್ತು ದಾಟಿದ ಮೇಲೆ ಹೆಂಡತಿ ಸುಲ್ತಾನೆಯಾದರೆ ಗಂಡನ ಪಾಡೇನು, ನೀವೇ ಹೇಳಿ. ಮಗಳು ನವಾರ್ ಮದುವೆಯಾಗಿ ಮೆರ್ಸಿನ್‌ಗೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರನ್ನು ನಮಗೆ ಬಿಟ್ಟುಹೋದಳು. ಅದರಲ್ಲೊಂದು ರಾಜ್ಯ ಕಟ್ಟಿ ಯುದ್ಧ ಮಾಡುವ ಆಟ. ನನ್ನ ಧರ್ಮಪತ್ನಿ ಇಲ್ಹಾಮ್ ಅದರೊಳಗೆ ಹದಿಮೂರನೆಯ ಶತಮಾನದ ಅಲೆಪ್ಪೊವನ್ನು ಆಳತೊಡಗಿದಳು. ನಾನು ಟರ್ಕಿಯ ಗಾಜಿಯಾಂಟೆಪ್‌ನ ಬಾಡಿಗೆ ಮನೆಯಲ್ಲಿ ಪಾತ್ರೆ ತೊಳೆಯತೊಡಗಿದೆ.

ಅದನ್ನೂ ಸಹಿಸಿಕೊಂಡೆ. ಆದರೆ ಯುದ್ಧ ಬಂದು ಸಿರಿಯಾ ಬಿಟ್ಟು ಬರುವವರೆಗೂ ಅಲೆಪ್ಪೊದಲ್ಲಿ ಇತಿಹಾಸದ ಮೇಷ್ಟರಾಗಿದ್ದವನು ನಾನು. ಒಂದು ಮಧ್ಯಾಹ್ನ ಅವಳ ಹೆಗಲ ಮೇಲಿಂದ ಇಣುಕಿದರೆ, ನಮ್ಮ ಕೋಟೆಯ ಸುತ್ತ ಮರಳುಗುಡ್ಡ, ಖರ್ಜೂರದ ಮರ. (ಆಟ ಮಾಡಿದ ಪುಣ್ಯಾತ್ಮರಿಗೆ ಅರಬರೆಂದರೆ ಮರಳು, ಮರಳೆಂದರೆ ಒಂಟೆ.)

"ನಮ್ಮೂರಲ್ಲಿ ಮರಳುಗುಡ್ಡ ಎಲ್ಲಿತ್ತೇ? ಪಿಸ್ತಾ ತೋಟ ಎಲ್ಲಿ? ಹೊಳೆ ಎಲ್ಲಿ?"

"ಅಷ್ಟು ಹೊಟ್ಟೆ ಉರಿದ್ರೆ ಕೂತು ತಿದ್ದಿ ಮೇಷ್ಟ್ರೇ. ಇದ್ರಲ್ಲಿ ಅದಕ್ಕೂ ದಾರಿ ಇದೆ."

ತಿದ್ದಿದೆ. ಖರ್ಜೂರ ಕಿತ್ತೆ, ಪಿಸ್ತಾ ನೆಟ್ಟೆ, ಹೊಳೆ ಹರಿಸಿದೆ. ಕೋಟೆ ಬಾಗಿಲುಗಳನ್ನು ಅವುಗಳ ಜಾಗದಲ್ಲೇ ನಿಲ್ಲಿಸಿದೆ. ಇಲ್ಹಾಮ್ ಪಕ್ಕಕ್ಕೆ ಬಂದು ಕುಳಿತು ಮೆಲ್ಲಗೆ ಕೇಳಿದಳು.

"ಕಿನ್ನಸ್ರೀನ್ ಬಾಗಿಲ ಹಿಂದೆ ನಮ್ಮ ಮನೇನೂ ಇಟ್ಬಿಡ್ರೀ. ಅಂಗಳದ ಮಧ್ಯೆ ನಿಂಬೆಗಿಡ."

"ಆಗಲ್ಲ. ನಮ್ಮ ಮನೆ ಕಟ್ಟಿದ್ದು ಅದಾಗಿ ಐನೂರು ವರ್ಷಕ್ಕೆ."

ಅವಳು ಎದ್ದು ಅಡುಗೆಮನೆಗೆ ಹೋದಳು. ಅಂದು ಊಟಕ್ಕೆ ಬಂದದ್ದು ಬೇಯಿಸಿದ ಗೋಧಿನುಚ್ಚು, ಉಪ್ಪು.

"ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಯಾವ್ದೂ ಆ ಶತಮಾನದಲ್ಲಿ ನಮ್ಮ ಕಡೆ ಇರ್ಲಿಲ್ಲ. ನೀವೇ ಹೇಳಿದ್ದು."

"ಚಹಾ?"

"ಅದೂ ಇರ್ಲಿಲ್ಲ."

ಚಹಾ ಇಲ್ಲದೆ ಎಷ್ಟು ಹೊತ್ತು ತಾನೇ ಸತ್ಯನಿಷ್ಠೆ ಉಳಿದೀತು? ಮನೆ ಕಟ್ಟಲು ಕುಳಿತೆ. ಕುಳಿತ ಮೇಲೆ ತಿಳಿಯಿತು, ಸುಲ್ತಾನರ ವಂಶಾವಳಿಯೆಲ್ಲ ಬಾಯಿಪಾಠವಿರುವ ನನಗೆ ನಮ್ಮ ಅಡುಗೆಮನೆಯ ಕಿಟಕಿ ಬೀದಿಗಿತ್ತೋ ಅಂಗಳಕ್ಕಿತ್ತೋ ನೆನಪಿಲ್ಲ.

"ಅಂಗಳಕ್ಕೆ," ಎಂದಳು ಇಲ್ಹಾಮ್. "ನೀವು ಅಲ್ಲಿ ಕೂತು ಉತ್ತರಪತ್ರಿಕೆ ತಿದ್ತಿದ್ರಿ. ನಾನು ಆ ಕಿಟಕಿಯಿಂದ್ಲೇ ಲೋಟ ಚಾಚ್ತಿದ್ದೆ. ಈಗ ಹೋಗಿ ನೋಡ್ಕೊಂಡು ಬರೋಣ ಅಂದ್ರೆ ಗೋಡೆಯೇ ಉಳಿದಿಲ್ವಲ್ಲ."

ಕಿಟಕಿಯನ್ನು ಅಂಗಳಕ್ಕೇ ಇಟ್ಟೆ.

ಆಟ ಮುಂದೆ ಸಾಗಿ ಸಾವಿರದಿನ್ನೂರ ಅರವತ್ತನೆಯ ಇಸವಿ ಬಂತು. ಪೂರ್ವದಿಂದ ಮಂಗೋಲರ ದಂಡು ಬಂದು ಬಾಗಿಲ ಮುಂದೆ ನಿಂತಿತು. ಎಷ್ಟೋ ತರಗತಿಗಳಿಗೆ ನಾನು ಮಾಡಿದ ಪಾಠ ಅದು: ಊರು ಬೀಳುತ್ತದೆ, ಮನೆಗಳು ಉರಿಯುತ್ತವೆ. ಇಲ್ಹಾಮ್ ಮೌಸ್‌ನಿಂದ ಕೈ ತೆಗೆದಳು.

"ಚರಿತ್ರೆ ಪ್ರಕಾರ ಈಗ ಏನಾಗ್ಬೇಕು ಮೇಷ್ಟ್ರೇ?"

ನಾನು ಆ ಬೆರಳಗಲದ ಅಂಗಳವನ್ನು ನೋಡಿದೆ.

"ಶತ್ರುಗಳೇ ಇಲ್ದಂಗೆ ಮಾಡೋ ಗುಂಡಿ ಏನಾದ್ರೂ ಇದ್ಯಾ ಇದ್ರಲ್ಲಿ?"

"ಇದೆ. ಆದ್ರೆ ಅದು ಶುದ್ಧ ಸುಳ್ಳಾಗುತ್ತಲ್ಲಾ?"

"ಸುಮ್ನೆ ಒತ್ತೇ," ಎಂದರು ಇತಿಹಾಸದ ಮೇಷ್ಟರು.

ಒತ್ತಿದಳು. ದಂಡು ಮಾಯವಾಯಿತು. ಆಮೇಲೆ ನಾವಿಬ್ಬರೂ ಬಹಳ ಹೊತ್ತು, ಏನೂ ಆಗದ ಆ ಊರನ್ನು ನೋಡುತ್ತ ಕುಳಿತೆವು.