ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ನಾನು ಕೋಚ್ ಆದದ್ದು

ಕ್ರಿಕೆಟ್ ಗೊತ್ತಿದ್ದವನು ಬೇಸ್‌ಬಾಲನ್ನು ಹೊಸದಾಗಿ ಕಲಿಯಬೇಕಾಗಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಎರಡರಲ್ಲೂ ಒಬ್ಬ ಎಸೆಯುತ್ತಾನೆ, ಒಬ್ಬ ಬಾರಿಸುತ್ತಾನೆ, ಉಳಿದವರು ಬಿಸಿಲಲ್ಲಿ ನಿಂತು ಒಣಗುತ್ತಾರೆ. ಇದರಲ್ಲಿ ಕಲಿಯುವುದೇನಿದೆ?

ದುಬೈನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ನಾನು ಅಕೌಂಟೆನ್ಸಿ ಪಾಠ ಮಾಡುತ್ತೇನೆ. ನಮ್ಮಲ್ಲಿ ಫಿಲಿಪಿನೋ, ಕೊರಿಯನ್, ಜಪಾನಿ ಹುಡುಗರು ಸಾಕಷ್ಟಿರುವುದರಿಂದ ಒಂದು ಬೇಸ್‌ಬಾಲ್ ತಂಡವೂ ಇದೆ. ಈ ವರ್ಷ ಸೆಕೆ ಇಳಿದು ಇನ್ನೇನು ಆಟ ಶುರುವಾಗಬೇಕು ಅನ್ನುವಾಗ ತಂಡದ ಕೋಚ್‌ಗೆ ದೋಹಾದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಮಾರನೆಯ ವಾರವೇ ಹೊರಟುಹೋದರು.

ಡೀನ್ ಸಾಹೇಬರು ಸ್ಟಾಫ್ ಮೀಟಿಂಗ್ ಕರೆದರು. ಹೊಸ ಕೋಚ್ ಬರುವವರೆಗೆ ತಂಡವನ್ನು ಯಾರಾದರೂ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಹಿಂದಿನ ಮೈದಾನದಲ್ಲಿ ಪ್ಯಾಡೆಲ್ ಅಂಕಣ ಮಾಡಿಸುವುದೇ ಒಳ್ಳೆಯದು ಎಂದರು. ಈಗ ದುಬೈನಲ್ಲಿ ಎಲ್ಲಿ ನೋಡಿದರೂ ಪ್ಯಾಡೆಲ್. ಗಾಜಿನ ಗೋಡೆಯೊಳಗೆ ಆಡುವ ಆ ಆಟದ ಮೇಲೆ ಡೀನ್ ಅವರಿಗೆ ಮೊದಲಿನಿಂದಲೂ ಕಣ್ಣು. ಸಹೋದ್ಯೋಗಿಗಳೆಲ್ಲ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದರು. ನಾನು ಕೈ ಎತ್ತಿದೆ.

"ನಿಮಗೆ ಬೇಸ್‌ಬಾಲ್ ಬರುತ್ತದೆಯೇ?" ಎಂದರು.

"ತುಮಕೂರಿನಲ್ಲಿ ನಮ್ಮ ಕಾಲೇಜು ತಂಡದ ಉಪನಾಯಕನಾಗಿದ್ದೆ, ಸರ್."

ಯಾವ ಆಟದ ತಂಡ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಜೋರ್ಡಾನಿನವರು, ಫುಟ್‌ಬಾಲ್ ಒಂದನ್ನು ಬಿಟ್ಟರೆ ಉಳಿದ ಚೆಂಡುಗಳೆಲ್ಲ ಅವರಿಗೆ ಒಂದೇ.

ಸಂಜೆ ಮಿರ್ದಿಫ್ ಬಡಾವಣೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಈ ಶುಭವಾರ್ತೆಯನ್ನು ಹೇಳಿದೆ. ನನ್ನ ಹೆಂಡತಿ ಶೈಲಾ ಉಡುಪಿಯವಳು. ಸೌಟು ಹಿಡಿದ ಕೈ ಅರ್ಧದಲ್ಲೇ ನಿಂತಿತು.

"ನಿಮಗೆ ಎಂತ ಮರ್ಲಾ ಮಾರಾಯ್ರೆ? ಟಿವಿ ರಿಮೋಟಿಗೆ ಸೆಲ್ ಹಾಕ್ಲಿಕ್ಕೆ ಬರುದಿಲ್ಲ ನಿಮಗೆ!"

ಮಗಳು ನಿಧಿಯ ಮುಖ ಅದಕ್ಕಿಂತ ಕಂಗೆಟ್ಟಿತ್ತು. ಅವಳು ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಾಳೆ. ಬೇಸ್‌ಬಾಲ್ ತಂಡದಲ್ಲಿರುವ ಒಬ್ಬಳೇ ಹುಡುಗಿ. ಚೆಂಡೆಸೆಯುವುದು ಅವಳ ಕೆಲಸ.

"ನೋ ಪಪ್ಪಾ. ಪ್ಲೀಸ್, ನೋ. ಇಟ್ಸ್ ನಾಟ್ ಕ್ರಿಕೆಟ್."

"ಚೆಂಡು ಯಾವತ್ತಿದ್ರೂ ಚೆಂಡೇ ಅಲ್ವೇನಮ್ಮ?"

"ರೂಲ್ ಬುಕ್ ಕೊಡ್ತೀನಿ. ಅಟ್‌ಲೀಸ್ಟ್ ಓದ್ತೀರಾ?"

ಕೊಟ್ಟಳು. ಓದಿದೆ. ಮೊದಲ ಅಧ್ಯಾಯದಲ್ಲಿ ಮೈದಾನದ ಅಳತೆಗಳಿದ್ದವು. ಮೈದಾನ ಈಗಾಗಲೇ ಇದೆಯಲ್ಲ, ಅಳೆಯುವುದೇಕೆ ಎಂದುಕೊಂಡು ಸೋಫಾದ ಮೇಲೆ ಒರಗಿದೆ. ಎಚ್ಚರವಾದಾಗ ಪುಸ್ತಕ ಹೊಟ್ಟೆಯ ಮೇಲಿತ್ತು, ಜ್ಞಾನ ಪುಸ್ತಕದಲ್ಲೇ ಇತ್ತು.

ಸೀಸನ್ನಿನ ಉದ್ಘಾಟನೆಯ ದಿನ ಸಭಾಂಗಣದಲ್ಲಿ ತಂಡದ ಲೈನಪ್ ಮತ್ತು ಈ ಸಲದ ಗೆಲುವಿನ ಸಾಧ್ಯತೆಗಳ ಬಗ್ಗೆ ಕೋಚ್ ಮಾತಾಡಬೇಕೆಂಬುದು ವಾಡಿಕೆ. ಬಜೆಟ್ ಭಾಷಣಕ್ಕೂ ಯಾರೂ ಅಷ್ಟು ತಯಾರಿ ಮಾಡಿರಲಾರರು. ಕೋಟು ಹಾಕಿಕೊಂಡು ವೇದಿಕೆ ಹತ್ತಿದೆ.

"ಮಾನ್ಯರೇ, ಈ ಬಾರಿಯ ನಮ್ಮ ತಂಡ ಅತ್ಯಂತ ಸಮತೋಲಿತವಾಗಿದೆ. ಮನಿಲಾದ ಜೆರೋಮ್ ನಮ್ಮ ವೇಗದ ಬೌಲರ್. ಕೊರಿಯಾದ ಮಿನ್‌ಜುನ್ ಮಾತಾಡುವುದಿಲ್ಲ, ಆದರೆ ಅವನು ಹೊಡೆದ ಚೆಂಡು ಕಾರ್ ಪಾರ್ಕಿಂಗ್‌ನಲ್ಲಿ ಸಿಗುತ್ತದೆ. ಲಾಹೋರಿನ ಹಮ್ಜಾ ಮಧ್ಯಮ ಕ್ರಮಾಂಕದ ಆಧಾರಸ್ತಂಭ. ನಮ್ಮ ವಿಕೆಟ್ ಕೀಪರ್ ಸದೃಢನಾಗಿದ್ದಾನೆ. ಟಾಸ್ ಗೆದ್ದರೆ ನಾವು ಮೊದಲು ಬ್ಯಾಟ್ ಮಾಡುತ್ತೇವೆ!"

ಬೇಸ್‌ಬಾಲಿನಲ್ಲಿ ವಿಕೆಟ್ಟೂ ಇಲ್ಲ, ಟಾಸೂ ಇಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ನಿಧಿ ಟೋಪಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಡೀನ್ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನ್ನನ್ನು ಕೆಡಿಸಿದ್ದು. ಉತ್ಸಾಹ ಉಕ್ಕಿ, ಬರೆದುಕೊಂಡಿರದ ಒಂದು ವಾಕ್ಯ ಬಾಯಿಂದ ಹಾರಿತು.

"ಮೊದಲ ಪಂದ್ಯ ಗೆಲ್ಲದಿದ್ದರೆ ಆ ಮೈದಾನವನ್ನು ಸಂತೋಷದಿಂದ ಪ್ಯಾಡೆಲ್‌ಗೆ ಬಿಟ್ಟುಕೊಡುತ್ತೇವೆ!"

ಡೀನ್ ಎದ್ದು ನಿಂತು ಕೈ ಕುಲುಕಿದರು. "ಇಂಥ ಛಲ ಬೇಕು!" ಎಂದರು. ಅವರ ಕಣ್ಣಿನಲ್ಲಿ ಆಗಲೇ ಗಾಜಿನ ಗೋಡೆಗಳು ಹೊಳೆಯುತ್ತಿದ್ದವು.

ಹೊರಗೆ ಬಂದಾಗ ಜೆರೋಮ್ ಬಹಳ ವಿನಯದಿಂದ ಕೇಳಿದ: "ಸರ್, ಹೋದ ವರ್ಷ ನಾವು ಗೆದ್ದದ್ದು ಒಂದೇ ಪಂದ್ಯ. ಅದೂ ಎದುರಿನವರ ಬಸ್ಸು ಬಾರದೆ. ನೀವು ಯಾಕೆ ಹಾಗಂದಿರಿ?"

ಇದನ್ನು ಭಾಷಣಕ್ಕೆ ಮೊದಲು ಹೇಳಬೇಕಿತ್ತು.

ಪಂದ್ಯದ ಒಂಬತ್ತು ಮಂದಿಯನ್ನು ಆರಿಸುವಾಗ ನನಗೆ ಇನ್ನೊಂದು ಚಿಂತೆ ಹತ್ತಿತು. ಮಗಳನ್ನು ಆಡಿಸಿದರೆ ಜನ ಏನೆನ್ನುತ್ತಾರೆ? ಅಪ್ಪ ಕೋಚ್, ಮಗಳು ತಂಡದಲ್ಲಿ! ಛೆ. ಸಾರ್ವಜನಿಕ ಜೀವನದಲ್ಲಿರುವವರು ಸಂಶಯಕ್ಕೆ ಎಡೆ ಕೊಡಬಾರದು. ನಿಧಿಯನ್ನು ಬೆಂಚಿನಲ್ಲಿ ಕೂರಿಸಿದೆ. ಮನೆಯಲ್ಲಿ ಎರಡು ದಿನ ನನ್ನೊಡನೆ ಮಾತಾಡಿದ್ದು ಮಿಕ್ಸರ್ ಮಾತ್ರ.

ಶನಿವಾರ ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಪಂದ್ಯ. ಎದುರಾಳಿಗಳು ಅಬುಧಾಬಿಯ ಒಂದು ಕಾಲೇಜಿನವರು. ಅವರ ಕೋಚ್ ವಯಸ್ಸಾದ, ಪುಟ್ಟ ಆಕಾರದ ಜಪಾನಿ ಹೆಂಗಸು. ಅಗಲವಾದ ಹ್ಯಾಟು, ಕೈಯಲ್ಲೊಂದು ಫ್ಲಾಸ್ಕು. ನನಗೆ ಬಾಗಿ ನಮಸ್ಕರಿಸಿದರು. ಪಾಪ, ಈ ಅಜ್ಜಿಯನ್ನು ಸೋಲಿಸಬೇಕಲ್ಲ ಎಂದು ನನಗೆ ನಿಜಕ್ಕೂ ಬೇಜಾರಾಯಿತು.

ಪ್ರೇಕ್ಷಕರ ಕಡೆ ಶೈಲಾ ಕೊಡೆ ಬಿಡಿಸಿ ಕೂತಿದ್ದಳು. ಪಕ್ಕದಲ್ಲಿ ನಮ್ಮ ನೆರೆಮನೆಯ ವಿನ್ಸೆಂಟ್, ಕಾರ್ಕಳದವರು. ಡೀನ್ ಕೂಡ ಬಂದಿದ್ದರು, ಅಳತೆಯ ಟೇಪು ತಂದಿರಲಿಲ್ಲ ಅಷ್ಟೇ.

ಮೊದಲು ನಮ್ಮದು ಎಸೆತ. ಜೆರೋಮ್ ಅದ್ಭುತವಾಗಿ ಎಸೆದ. ಎದುರಿನವನು ಬೀಸಿ ಬೀಸಿ ಸುಸ್ತಾಗಿ ಔಟಾದ. ನಾನು ಚೆಂಡು ಎಣಿಸುತ್ತಿದ್ದೆ. ಆರಾದ ಕೂಡಲೇ ಎದ್ದು ಕೂಗಿದೆ: "ಓವರ್!"

ಯಾರಿಗೂ ಅರ್ಥವಾಗಲಿಲ್ಲ. ನಾನು ಒಳಗೆ ನಡೆದು ಜೆರೋಮ್‌ನ ಭುಜ ತಟ್ಟಿ ಹೊರಗೆ ಕಳಿಸಿದೆ. ಅಂಪೈರು, "ಇವರನ್ನು ತೆಗೆಯುತ್ತಿದ್ದೀರಾ? ಖಂಡಿತವಾಗಿಯೂ?" ಎಂದರು. "ಖಂಡಿತವಾಗಿಯೂ!" ಎಂದೆ.

ಬೆಂಚಿನಲ್ಲಿ ಜೆರೋಮ್‌ಗೆ ನನ್ನ ತಂತ್ರ ವಿವರಿಸಿದೆ. "ಸ್ವಲ್ಪ ವಿಶ್ರಾಂತಿ ತಗೋ. ಕೊನೆಯ ಓವರುಗಳಿಗೆ ನಿನ್ನನ್ನೇ ಕರೆಯುತ್ತೇನೆ."

"ಸರ್, ಇಲ್ಲಿ ಒಮ್ಮೆ ಹೊರಗೆ ಬಂದವರು ಮತ್ತೆ ಒಳಗೆ ಹೋಗುವ ಹಾಗಿಲ್ಲ."

"ಮತ್ತೆ?"

"ಖಲಾಸ್, ಸರ್."

ತಂಡದ ಅತ್ಯುತ್ತಮ ಆಟಗಾರ ಹೀಗೆ ಖಲಾಸ್ ಆದ. ಚೆಂಡೆಸೆಯಲು ಬರುವವರು ಬೆಂಚಿನಲ್ಲಿ ಉಳಿದಿದ್ದದ್ದು ಒಬ್ಬಳೇ. ನಿಧಿ ನನ್ನ ಕಡೆ ನೋಡದೆ ಗ್ಲೌಸು ಹಾಕಿಕೊಂಡು ಒಳಗೆ ಹೋದಳು. ಜೆರೋಮ್‌ನ ಬ್ಯಾಟಿಂಗ್ ಸರದಿಯೂ ಅವಳಿಗೇ ಬಂತು.

"ಹೋ! ನಿಧಿ ಬಂದ್ಲು! ನಿಮ್ಮ ಪ್ಲಾನು ಭಾರೀ ಉಂಟು ಮಾರಾಯ್ರೆ!" ಎಂದು ವಿನ್ಸೆಂಟ್ ಅಲ್ಲಿಂದಲೇ ಕೂಗಿದರು. ಎಲ್ಲ ಮೊದಲೇ ಯೋಚಿಸಿದ್ದು ಎಂಬಂತೆ ಕೈ ಬೀಸಿದೆ.

ನಮ್ಮ ಬ್ಯಾಟಿಂಗ್ ಬಂದಾಗ ಹಮ್ಜಾ ಒಂದು ಒಳ್ಳೆಯ ಹೊಡೆತ ಹೊಡೆದು ಮೊದಲ ಬೇಸಿಗೆ ಓಡಿದ. ಅಲ್ಲಿ ನಿಂತರೆ ಸಾಕಿತ್ತು; ಮುಂದಿನವರ ಹೊಡೆತಗಳಿಗೆ ಉಳಿದ ಬೇಸುಗಳನ್ನು ಸುತ್ತಿ ಹೊರಟಲ್ಲಿಗೆ, ಅಂದರೆ 'ಮನೆ'ಗೆ, ಬಂದರೆ ಒಂದು ರನ್. ಚೆಂಡು ಇನ್ನೂ ದೂರದಲ್ಲಿತ್ತು. ನನ್ನೊಳಗಿನ ಉಪನಾಯಕ ಎಚ್ಚೆತ್ತ. "ದೋ ಹೈ! ದೋ! ವಾಪಸ್ ಆ ಜಾ!" ಎಂದು ಕಿರುಚಿದೆ. ಅವನೂ ಹುಟ್ಟಾ ಕ್ರಿಕೆಟಿಗ. ರಕ್ತ ಮಾತಾಡಿತು. ತಟ್ಟನೆ ತಿರುಗಿ, ಹೊರಟ ಜಾಗಕ್ಕೇ ವಾಪಸ್ ಓಡಿಬಂದ! ಬೇಸ್‌ಬಾಲ್ ಆಡುವ ದೇಶಗಳಲ್ಲಿ ಈ ದೃಶ್ಯವನ್ನು ಯಾರೂ ಕಂಡಿರಲಿಕ್ಕಿಲ್ಲ. ಎದುರಾಳಿಯ ಹುಡುಗ ಚೆಂಡು ಹಿಡಿದು ಕಾದಿದ್ದು, ಅತಿಥಿಯನ್ನು ಬರಮಾಡಿಕೊಳ್ಳುವಂತೆ ಮೆಲ್ಲಗೆ ಮುಟ್ಟಿ ಔಟ್ ಮಾಡಿದ. ಜಪಾನಿ ಅಜ್ಜಿ ಫ್ಲಾಸ್ಕಿನಿಂದ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡರು.

ಇಷ್ಟಾದರೂ ನಾವು ಹೀನಾಯವಾಗಿ ಸೋಲಲಿಲ್ಲ. ಕಾರಣ ನಿಧಿ. ಅವಳು ತುಟಿ ಬಿಗಿಹಿಡಿದು ಎಸೆಯುತ್ತಲೇ ಹೋದಳು. ಅಬುಧಾಬಿಯ ಹುಡುಗರು ಒಬ್ಬರ ಹಿಂದೊಬ್ಬರು ಬ್ಯಾಟು ಕೆಳಗೆ ಹಾಕಿ ಹೋಗುತ್ತಿದ್ದರು. ಶೈಲಾ ಕೊಡೆ ಮಡಚಿ ಎದ್ದು ನಿಂತಿದ್ದಳು. ನಾನೂ ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಆದರೆ ಕೋಚ್ ಆದವನು ಪಕ್ಷಪಾತ ತೋರಿಸಬಾರದೆಂದು ಬೇರೆ ಕಡೆ ನೋಡಿದೆ.

ಕೊನೆಯ ಇನ್ನಿಂಗ್ಸ್. ನಾವು ಒಂದೇ ರನ್ ಹಿಂದೆ. ಮೂವರು ಔಟಾದರೆ ಆಟ ಮುಗಿಯಿತು. ಇಬ್ಬರು ಆಗಲೇ ಔಟ್. ಆದರೆ ನಮ್ಮ ಇಬ್ಬರು ಎರಡನೇ ಮತ್ತು ಮೂರನೇ ಬೇಸಿನಲ್ಲಿ ಕಾಯುತ್ತಿದ್ದಾರೆ. ಒಂದು ಒಳ್ಳೆಯ ಹೊಡೆತ ಬಿದ್ದರೆ ಇಬ್ಬರೂ ಮನೆ ಸೇರಿ, ಪಂದ್ಯ ನಮ್ಮದು, ಮೈದಾನ ನಮ್ಮದು!

ಸರದಿ ನಿಧಿಯದು. ಅವಳ ನಂತರ ಮಿನ್‌ಜುನ್.

ನನ್ನ ತಲೆಯಲ್ಲಿ ದೀಪ ಹತ್ತಿತು. ನಿಧಿ ಆ ದಿನ ಒಂದೂ ಹೊಡೆತ ಹೊಡೆದಿರಲಿಲ್ಲ. ಮಿನ್‌ಜುನ್ ಹೇಗೂ ಮುಂದಿನವನು. ಇಬ್ಬರೂ ಜಾಗ ಬದಲಾಯಿಸಿಕೊಂಡರೆ ಯಾರಿಗೇನು ನಷ್ಟ? ಊರಿನಲ್ಲಿ ನಾವು ಚಪ್ಪಲಿ ಹಾಕಿಕೊಂಡಿದ್ದವನನ್ನು ಮೊದಲು ಬ್ಯಾಟಿಂಗಿಗೆ ಕಳಿಸುತ್ತಿದ್ದೆವು! ಹೆಲ್ಮೆಟ್ ಹಾಕಿ ಹೊರಟಿದ್ದ ಮಗಳನ್ನು ತಡೆದು ಬ್ಯಾಟು ಕಸಿದುಕೊಂಡೆ.

"ಪಪ್ಪಾ, ಇಟ್ಸ್ ಮೈ ಟರ್ನ್! ಹಾಗೆಲ್ಲ ಚೇಂಜ್ ಮಾಡೋಕಾಗಲ್ಲ!"

"ಇಲ್ಲಿ ನಾನು ಅಪ್ಪ ಅಲ್ಲ, ಕೋಚ್. ಮಿನ್‌ಜುನ್, ಯಲ್ಲಾ! ಹೊರಡು!"

ಮಿನ್‌ಜುನ್ ನಿಧಿಯನ್ನು ನೋಡಿದ, ನನ್ನನ್ನು ನೋಡಿದ. ಹಿರಿಯರ ಮಾತು ಮೀರುವುದು ಅವರ ಮನೆಯಲ್ಲಿ ಅಭ್ಯಾಸವಿಲ್ಲವೆಂದು ಕಾಣುತ್ತದೆ. ತಲೆ ತಗ್ಗಿಸಿ ಬ್ಯಾಟು ತೆಗೆದುಕೊಂಡ. ನಾನು ಅಂಪೈರ್ ಕಡೆ ತಿರುಗಿ "ಓಕೆ ತಾನೆ?" ಎಂದು ಹೆಬ್ಬೆರಳೆತ್ತಿದೆ. ಅವರು ಆಕಾಶ ನೋಡಿದರು. ಮೌನಂ ಸಮ್ಮತಿ ಲಕ್ಷಣಂ!

ಮಿನ್‌ಜುನ್ ಮೊದಲ ಎಸೆತಕ್ಕೇ ಬಾರಿಸಿದ. ಚೆಂಡು ಬೇಲಿ ದಾಟಿ ಕಾರ್ ಪಾರ್ಕಿಂಗ್ ಕಡೆಗೆ ಹೋಯಿತು. ಯಾರದೋ ಕಾರು ಕುಯ್ಯೋ ಎಂದು ಅಳತೊಡಗಿತು. ನಮ್ಮವರು ಒಬ್ಬರ ಹಿಂದೊಬ್ಬರು ಓಡಿ ಬಂದರು. ನಾನು ಮೈದಾನಕ್ಕೆ ನುಗ್ಗಿ ಕುಣಿದೆ. ವಿನ್ಸೆಂಟ್ ಬಂದು ನನ್ನನ್ನು ಎತ್ತಲು ನೋಡಿ, ಆಗದೆ, ತಬ್ಬಿಕೊಂಡರು. ನಾನು ಡೀನ್ ಮುಂದೆ ನಿಂತು ಎರಡು ಕೈಯನ್ನೂ ಆಕಾಶಕ್ಕೆತ್ತಿದೆ. ನಮ್ಮ ಆಟಗಾರರು ಮಾತ್ರ ಏಕೋ ಕುಣಿಯುತ್ತಿರಲಿಲ್ಲ.

ಜಪಾನಿ ಅಜ್ಜಿ ಫ್ಲಾಸ್ಕಿನ ಮುಚ್ಚಳ ಹಾಕಿದರು. ನಿಧಾನವಾಗಿ ನಡೆದು ಬಂದು ಅಂಪೈರಿಗೆ ಬಾಗಿ ನಮಸ್ಕರಿಸಿ, ಒಂದೇ ಒಂದು ವಾಕ್ಯ ಹೇಳಿದರು. ಅಂಪೈರು ಕೈ ಎತ್ತಿದರು.

"ಔಟ್! ಪಂದ್ಯ ಮುಗಿಯಿತು. ಅಬುಧಾಬಿಗೆ ಜಯ."

"ಔಟೇ? ಚೆಂಡು ಕಾರ್ ಪಾರ್ಕಿಂಗ್‌ನಲ್ಲಿದೆ! ಯಾರು ಔಟ್?"

"ಸರದಿ ಯಾರದಿತ್ತೋ ಅವರು. ಸರದಿ ತಪ್ಪಿ ಬಂದವರು ಎಷ್ಟು ದೂರ ಹೊಡೆದರೂ ಲೆಕ್ಕಕ್ಕಿಲ್ಲ."

ಅಂದರೆ ನನ್ನ ಮಗಳು. ಹೆಲ್ಮೆಟ್ ಹಾಕಿಕೊಂಡು, ಬರಿಗೈಯಲ್ಲಿ, ಬೆಂಚಿನ ಪಕ್ಕ ನಿಂತಿದ್ದವಳು ಔಟ್!

"ಮತ್ತೆ ನಾನು ಕೇಳಿದಾಗ ನೀವೇಕೆ ಹೇಳಲಿಲ್ಲ?"

"ಎದುರಿನವರು ಆಕ್ಷೇಪಿಸುವವರೆಗೆ ಅಂಪೈರು ಬಾಯಿ ಬಿಡಬಾರದು. ಅದೂ ನಿಯಮವೇ," ಎಂದರು ಆ ಪುಣ್ಯಾತ್ಮ. ಪುಸ್ತಕದಲ್ಲಿ ಇತ್ತಂತೆ. ಮೈದಾನದ ಅಳತೆಗಳ ನಂತರ.

ಮನೆಗೆ ಹೋಗುವಾಗ ಕಾರು ಶೈಲಾ ಓಡಿಸಿದಳು. ಹಿಂದಿನ ಸೀಟಿನಲ್ಲಿ ನಿಧಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ತಿರುಗದೆಯೇ ಕೇಳಿದಳು: "ನಾನು ಹೊಡೀತಿರ್ಲಿಲ್ಲ ಅಂತ ಅನ್ನಿಸ್ತಾ ನಿಮ್ಗೆ?"

"ಹಾಗಲ್ಲಮ್ಮ. ಅಪ್ಪ ಮಗಳಿಗೇ ಚಾನ್ಸ್ ಕೊಟ್ಟ ಅಂತ ಜನ..."

"ಯಾವ ಜನ ಪಪ್ಪಾ? ಎಲ್ಲರೂ ನಾನೇ ಹೋಗ್ಲಿ ಅಂತಿದ್ರು."

ಶೈಲಾ ಹೇಳಿದಳು: "ಸಾರಿ ಹೇಳಿ. ಇಂಗ್ಲಿಷಿನಲ್ಲೇ ಹೇಳಿ, ಅವಳಿಗೆ ಸರಿ ಅರ್ಥ ಆಗ್ತದೆ." ಹೇಳಿದೆ. ನಿಧಿ "ಹ್ಞೂಂ" ಅಂದಳು. ಕ್ಷಮೆ ಸಿಕ್ಕಿತೋ ಅರ್ಜಿ ಸ್ವೀಕಾರವಾಯಿತೋ ತಿಳಿಯಲಿಲ್ಲ.

ಸೋಮವಾರ ಮೈದಾನ ಉಳಿಸಿಕೊಡಿ ಎಂದು ಬೇಡಲು ಡೀನ್ ಕೋಣೆಗೆ ಹೋದೆ. ಇಡೀ ತಂಡ ನನಗಿಂತ ಮೊದಲೇ ಬಂದು ನಿಂತಿತ್ತು. ಆ ಜಪಾನಿ ಕೋಚ್ ಬೆಳಿಗ್ಗೆಯೇ ಫೋನ್ ಮಾಡಿದ್ದರಂತೆ. ಈ ದೇಶದಲ್ಲಿ ಬೇಸ್‌ಬಾಲ್ ಆಡುವ ಕಾಲೇಜುಗಳೇ ಬೆರಳೆಣಿಕೆಯಷ್ಟು, ನಿಮ್ಮ ಮೈದಾನ ಮುಚ್ಚಿದರೆ ನಾವು ಯಾರ ಜೊತೆ ಆಡುವುದು, ಅದರಲ್ಲೂ ಚೆಂಡೆಸೆಯುವ ಆ ಹುಡುಗಿಯನ್ನು ಬಿಡಬೇಡಿ ಎಂದರಂತೆ.

ಡೀನ್ ಗಡ್ಡ ಕೆರೆದುಕೊಂಡರು. "ಆದರೆ ಇವರು ಸಭೆಯಲ್ಲಿ ಮಾತು ಕೊಟ್ಟಿದ್ದಾರಲ್ಲ?"

ಜೆರೋಮ್ ಹೇಳಿದ: "ಸರ್, ಆಟವೇ ಗೊತ್ತಿಲ್ಲದವರು ಕಟ್ಟಿದ ಪಂಥ ಹೇಗೆ ಲೆಕ್ಕಕ್ಕೆ ಬರುತ್ತದೆ?"

ಎಲ್ಲರೂ ನನ್ನನ್ನು ನೋಡಿದರು. ನಿಧಿಯೂ ನೋಡಿದಳು. ನಾನು ಎದೆ ಸೆಟೆಸಿ, ವೇದಿಕೆಯ ದನಿಯಲ್ಲಿ ಘೋಷಿಸಿದೆ: "ಮಾನ್ಯರೇ, ನನಗೆ ಬೇಸ್‌ಬಾಲಿನ ಗಂಧಗಾಳಿಯೂ ಇಲ್ಲ. ಬೇಕಾದರೆ ಸಾಬೀತು ಮಾಡುತ್ತೇನೆ."

"ಅಗತ್ಯವಿಲ್ಲ," ಎಂದರು ಡೀನ್. "ಶನಿವಾರ ನಾನೂ ಬಂದಿದ್ದೆ."

ಮೈದಾನ ಉಳಿಯಿತು. ಹೊಸ ಕೋಚ್ ಬರುವವರೆಗೆ ಜೆರೋಮ್ ಮತ್ತು ನಿಧಿ ಅಭ್ಯಾಸ ಮಾಡಿಸುವುದೆಂದಾಯಿತು. ನನಗೆ ಐಸ್ ಪೆಟ್ಟಿಗೆ ಎಳೆಯುವ ಹೊಣೆ ಕೊಟ್ಟರು. ಅದಕ್ಕೆ ಚಕ್ರಗಳಿವೆ.

ಮುಂದಿನ ಪಂದ್ಯಕ್ಕೆ ಪ್ರೇಕ್ಷಕರ ನಡುವೆ ಶೈಲಾಳ ಪಕ್ಕ ಕೂತೆ. ಪಂದ್ಯ ಬಿಸಿಯೇರಿದಾಗ ನಿಧಿ ಬ್ಯಾಟು ಹಿಡಿದು ಬಂದಳು. ಹಿಂದಿನ ಸಾಲಿನ ಮಲಯಾಳಿ ತಂದೆಯೊಬ್ಬರು ನನ್ನ ಬೆನ್ನು ತಟ್ಟಿ, "ಸಾರ್, ಈಗ ಈ ಹುಡುಗಿ ಏನು ಮಾಡಬೇಕು?" ಎಂದು ಕೇಳಿದರು. ಹೇಳಲು ಬಾಯಿ ತೆರೆದೆ. ಶೈಲಾ ಅದರೊಳಗೆ ಒಂದು ದೊಡ್ಡ ಕಿತ್ತಳೆ ತೊಳೆ ಇಟ್ಟಳು. ಬೀಜಗಳನ್ನೆಲ್ಲ ಉಗಿದು ತಲೆ ಎತ್ತುವಷ್ಟರಲ್ಲಿ ಎಲ್ಲರೂ ನಿಧಿಯನ್ನು ಮುತ್ತಿಕೊಂಡು ಕುಣಿಯುತ್ತಿದ್ದರು. ನಾವು ಗೆದ್ದಿದ್ದೆವು!

ಹೇಗೆ ಗೆದ್ದೆವೆಂದು ಮಾತ್ರ ನನಗೆ ಇನ್ನೂ ಯಾರೂ ಹೇಳಿಲ್ಲ.